ನಮ್ಮ ಮಾವನವರ ‘ಆತು ಬಿಡು’

ಮಂಗಳವಾರ ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ನನ್ನ ನೆಮ್ಮದಿ ಕೆಡಲು ಶುರುವಾಯಿತು. ಗಂಟೆ ಅಷ್ಟು ಸರಿಯಾಗಿ ಹೇಗೆ ನೆನಪಿದೆ ಎಂದರೆ, ಆರೂವರೆಯ ಧಾರಾವಾಹಿಯಲ್ಲಿ ಮೊದಲ ಜಾಹೀರಾತು ಬರುವುದೇ ಆ ಹೊತ್ತಿಗೆ. ಈಗಲೂ ಅಡುಗೆಮನೆಯ ಕಿಟಕಿಯಲ್ಲಿಟ್ಟ ಫೋನು ಟಿಣ್ ಎಂದರೆ ಸಾಕು, ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲುತ್ತದೆ, ಕಣ್ಣು ತಾನಾಗಿ ನಡುಮನೆಯ ಕಡೆ ಹೊರಳುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು, ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಆ ಸೀದ ವಾಸನೆಯಲ್ಲೇ ಕೂತು ನಿಮಗೆ ಇದನ್ನು ಹೇಳುತ್ತಿದ್ದೇನೆ.

ಆ ಮಂಗಳವಾರ ಮಾವನವರು ಫೋನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. “ಯವ್ವಾ, ಚನ್ನಗಿರಿಯಿಂದ ನಿನ್ನ ನಾದಿನಿ ಏನೋ ಕಳ್ಸ್ಯಾಳೆ. ಒತ್ತಿದ್ರೂ ಬರ್ತಿಲ್ಲ. ತಗದು ಕೊಡು” ಎಂದರು. ನಾನು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಒಳ್ಳೆಯ ಸೊಸೆಯ ಹಾಗೆ, ಒತ್ತಿ ತೆರೆದುಕೊಟ್ಟೆ. ಕೊಟ್ಟ ಮೇಲೆ ನೋಡಿದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಭೂಪಾಲರಾಯರ ಮೂರನೇ ಕರೆ’ ಎಂದಿತ್ತು. ಕೆಳಗೆ ‘ಬರೆದವರು: ಸೌಟು’.

ಸೌಟು ಎಂದರೆ ನಾನು. ಭೂಪಾಲರಾಯರು ಎಂದರೆ, ಹೊರಗಿನಿಂದ ನೋಡುವವರಿಗೆ, ಧಾರಾವಾಹಿಯ ಒಬ್ಬ ಮುದುಕ. ಒಳಗಿನಿಂದ ನೋಡಿದರೆ, ಫೋನನ್ನು ಮೊಳ ದೂರ ಹಿಡಿದು ಕನ್ನಡಕ ಸರಿಮಾಡಿಕೊಳ್ಳುತ್ತಾ ಪ್ಲಾಸ್ಟಿಕ್ ಕುರ್ಚಿಯ ಕಡೆ ನಡೆದು ಹೋಗುತ್ತಿದ್ದ ನಮ್ಮ ಮಾವನವರೇ.

ಇಂಥ ಕೆಲಸಕ್ಕೆ ನಾನು ಕೈ ಹಾಕಿದ್ದು ಹೇಗೆ ಎಂದು ಹೇಳದಿದ್ದರೆ ನೀವು ನನ್ನನ್ನು ಕೆಟ್ಟವಳು ಎಂದುಕೊಳ್ಳುತ್ತೀರಿ. ಹೇಳಿದ ಮೇಲೂ ಅಂದುಕೊಳ್ಳಬಹುದು, ಆದರೆ ಕಾರಣ ತಿಳಿದು ಅಂದುಕೊಳ್ಳಿ ಎಂಬ ಆಸೆ.

ನಾನು ಹೊನ್ನಾಳಿಯವಳು. ಎಂ.ಎ. ಓದಿ ಅಲ್ಲಿಯ ಒಂದು ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಹೇಳಿದೆ. ಮದುವೆಯಾಗಿ ನ್ಯಾಮತಿಗೆ ಬಂದೆ. ನಮ್ಮವರದು ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ದಿನವಿಡೀ ಆ ಸದ್ದಿನಲ್ಲಿದ್ದು ಮನೆಯಲ್ಲೂ ಬೀದಿಗೆ ಕೇಳುವ ಹಾಗೆ ಮಾತಾಡುತ್ತಾರೆ. ಮಾವನವರು ಜಗಳೂರಿನ ಕಡೆ ಶಾಲೆಗಳಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು, ಅವರ ದನಿಯೂ ಮೈದಾನದ್ದೇ. ಇಬ್ಬರ ನಡುವೆ ನಾನೊಬ್ಬಳೇ ಮೆಲ್ಲಗೆ ಮಾತಾಡುವವಳು. ನಮ್ಮ ತವರಿನಲ್ಲಿ ಅದನ್ನು ಗುಣ ಎನ್ನುತ್ತಿದ್ದರು.

ಆಗ ‘ಅರಿಶಿಣದ ಬಾಗಿಲು’ ಎಂಬ ಧಾರಾವಾಹಿಯಲ್ಲಿ ಸುಶೀಲಾ ಎಂಬ ಸೊಸೆ ಮೆಟ್ಟಿಲಿನಿಂದ ಬಿದ್ದು ಎಚ್ಚರ ತಪ್ಪಿದ್ದಳು. ತುಟಿಗೆ ಬಣ್ಣ, ಮುಡಿಗೆ ಮಲ್ಲಿಗೆ ಎಲ್ಲ ಹಾಗೇ ಇಟ್ಟುಕೊಂಡು ತಿಂಗಳುಗಟ್ಟಲೆ ಮಲಗಿಯೇ ಇದ್ದಳು. ಆಸ್ಪತ್ರೆಯವರಿಗೂ ಬೇಸರ ಬಂದಿರಬೇಕು, ಡಾಕ್ಟರು ಬದಲಾದರು. ನನಗೆ ತಡೆಯಲಾಗದೆ ಫೋನಿನಲ್ಲಿ ‘ಸುಶೀಲಾ ಯಾವಾಗ ಏಳುತ್ತಾಳೆ’ ಎಂದು ಹುಡುಕಿದೆ. ಅಲ್ಲಿ ಸಿಕ್ಕಿತು ‘ಹೊಸಿಲಾಚೆ’ ಎಂಬ ಗುಂಪು. ಸುಶೀಲಾಳನ್ನು ಎಬ್ಬಿಸಿ, ನಡೆಸಿ, ಒಬ್ಬರು ಪೊಲೀಸ್ ಕೆಲಸಕ್ಕೂ ಸೇರಿಸಿ ಜನ ಅಲ್ಲಿ ತಮ್ಮ ತಮ್ಮ ಕತೆ ಬರೆಯುತ್ತಿದ್ದರು. ಇದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆಂದು ನನಗೆ ಆಗಲೇ ತಿಳಿದದ್ದು. ಪಕ್ಕದ ಮನೆಯಿಂದ ಹೆಪ್ಪು ತಂದು ನಮ್ಮ ಹಾಲಿಗೆ ಹಾಕಿದ ಹಾಗೆ: ಹೆಪ್ಪು ಅವರದು, ಮೊಸರು ನಮ್ಮದು.

ಆ ಗುಂಪಿನಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಇರುವುದಿಲ್ಲ. ನಮ್ಮ ಅತ್ತೆ ಇದ್ದಾಗ ಊಟಕ್ಕೆ ಕರೆಯಬೇಕಾದರೆ ಸ್ಟೀಲಿನ ಸೌಟಿನಿಂದ ತಟ್ಟೆಗೆ ಟಣಟಣ ಬಡಿಯುತ್ತಿದ್ದರು. ಸ್ವಲ್ಪ ಸಿಡುಕಿನ ಹೆಂಗಸು ಎಂದು ನಾವೆಲ್ಲ ತಿಳಿದಿದ್ದೆವು. ಅವರು ತೀರಿಕೊಂಡ ಮೇಲೆ ಆ ಸೌಟು ನನ್ನ ಕೈಗೆ ಬಂದಿತ್ತು, ಹೆಸರು ಕೇಳಿದಾಗ ಅದೇ ಕಣ್ಣಿಗೆ ಬಿತ್ತು.

ಹೊಸಬರು ಕತೆ ಹಾಕುವ ಮೊದಲು ಬೇರೆಯವರ ಕತೆ ಓದಿ ಅಭಿಪ್ರಾಯ ಬರೆಯಬೇಕು ಎಂಬುದು ಅಲ್ಲಿಯ ಕಟ್ಟಳೆ. ಅಭಿಪ್ರಾಯಕ್ಕೆ ಅವರು, ನಮ್ಮ ದಾವಣಗೆರೆ ಕಡೆಯ ಸಂಜೆ ತಿಂಡಿಯ ಹೆಸರಿನಲ್ಲಿ, ‘ಮಂಡಕ್ಕಿ-ಮಿರ್ಚಿ’ ಎನ್ನುತ್ತಿದ್ದರು. ಗುಂಪು ನೋಡಿಕೊಳ್ಳುವ ಹೆಂಗಸು ನಮ್ಮ ಸೀಮೆಯವಳೇ ಇರಬೇಕು, ಹೆಸರು ‘ಹಸಿಮೆಣಸು’. ಮೊದಲು ಮಂಡಕ್ಕಿ, ಅಂದರೆ ಮೆಚ್ಚಿದ್ದು. ಆಮೇಲೆ ಮಿರ್ಚಿ, ಅಂದರೆ ಚುಚ್ಚಿದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ಬಡಿಸುವ ಹಾಗಿಲ್ಲ. ನಾನು ಮೊದಲ ಕತೆಗೆ ‘ತುಂಬಾ ಚೆನ್ನಾಗಿದೆ’ ಎಂದು ಬರೆದೆ. ‘ಬರೀ ಮಂಡಕ್ಕಿ, ಅದೂ ಮೆತ್ತಗಾದದ್ದು’ ಎಂದು ಹಸಿಮೆಣಸು ಅಳಿಸಿ ಹಾಕಿದಳು. ಎರಡನೆಯದಕ್ಕೆ ರೂಢಿಬಲದಿಂದ ಹತ್ತಕ್ಕೆ ಆರು ಅಂಕ ಕೊಟ್ಟೆ. ‘ಮೇಡಂ, ಇಲ್ಲಿ ಯಾರೂ ಪರೀಕ್ಷೆಗೆ ಕೂತಿಲ್ಲ’ ಎಂದು ಕತೆ ಬರೆದವಳೇ ಉತ್ತರ ಕೊಟ್ಟಳು.

ಕೊನೆಗೆ ನನ್ನದೇ ಕತೆ ಹಾಕಿದೆ. ಸುಶೀಲಾ ಎದ್ದು ಕೂತು, ‘ಪೂಜ್ಯ ಮಾವನವರೇ, ತಮ್ಮ ಕಠೋರ ವಚನಗಳಿಂದ ನನ್ನ ಹೃದಯವು ಜರ್ಜರಿತವಾಗಿದೆ’ ಎನ್ನುತ್ತಾಳೆ. ನನಗೇ ಕಣ್ಣಲ್ಲಿ ನೀರು ಬಂದಿತ್ತು. ಹಸಿಮೆಣಸು ಬರೆದಳು: ‘ಮಂಡಕ್ಕಿ: ಕಾಗುಣಿತದ ತಪ್ಪಿಲ್ಲ. ಮಿರ್ಚಿ: ನಿಮ್ಮನೇಲಿ ಯಾರು ಹಿಂಗೆ ಮಾತಾಡ್ತಾರೆ? ನಿಮ್ಮ ಮಾವ ಏನಂತಾರೆ, ಅದನ್ನ ಬರೀರಿ.’

ನೋಡಿ, ಬೆಂಕಿ ಬಿದ್ದದ್ದು ಅಲ್ಲಿ. ನಮ್ಮ ಮಾವ ಏನೆನ್ನುತ್ತಾರೆ ಎಂದು ಕಿವಿಗೊಟ್ಟೆ. ಅವರು ಎನ್ನುತ್ತಿದ್ದದ್ದು ಎರಡೇ ಮಾತು: “ಆತು ಬಿಡು.”

ಬೇರೆ ಮನೆಗಳಲ್ಲಿ ‘ಆತು ಬಿಡು’ ಎಂದರೆ ಮುಗಿಯಿತು, ಆಗಲಿ ಎಂದರ್ಥ. ನಮ್ಮ ಮನೆಯಲ್ಲಿ ಅದು ಗುಡುಗು. “ಮಾವಾರೆ, ಉಪ್ಪಿಟ್ಟು ಮಾಡ್ಲಾ, ಅವಲಕ್ಕಿ ಮಾಡ್ಲಾ?” ಎಂದರೆ “ಆತು ಬಿಡು.” ಯಾವುದೋ ತಪ್ಪಾಗಿದೆ ಎಂದು ನಾನು ಎರಡನ್ನೂ ಮಾಡುತ್ತಿದ್ದೆ. “ತ್ಯಾವಣಿಗೆ ಮದುವಿಗೆ ನೀವು ಹೋಗ್ತೀರಾ, ನಾವು ಹೋಗಾನಾ?” ಎಂದಾಗಲೂ “ಆತು ಬಿಡು.” ಅವರಿಗೆ ಇಷ್ಟವಿಲ್ಲ ಎಂದು ಯಾರೂ ಹೋಗಲಿಲ್ಲ. ತ್ಯಾವಣಿಗೆಯವರು ಇನ್ನೂ ನಮ್ಮ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಹಾಗೆಂದ ಮೇಲೆ ಮಾವನವರು ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದರು. ಊಟಕ್ಕೆ ಒಂದು ಸಲ ಕರೆದರೆ ಬರುವುದಿಲ್ಲ. ಎರಡು ಸಲ ಕರೆದರೂ ಬೀದಿ ನೋಡುತ್ತಾ ಕೂತಿರುತ್ತಾರೆ. ಮೂರನೇ ಸಲ ನಾನು ಹೆದರಿ ದನಿ ಎತ್ತಿದಾಗ ಏನೂ ಆಗದವರ ಹಾಗೆ ಎದ್ದು ಬರುತ್ತಾರೆ. ಎಂಥ ಹಟ ಎಂದುಕೊಳ್ಳುತ್ತಿದ್ದೆ.

ಆ ಹಟವನ್ನು, ಆ ಮಾತನ್ನು, ಚಪ್ಪಲಿ ಬಿಡುವ ರೀತಿಯನ್ನು ಸಹ ಎತ್ತಿ ಸುಶೀಲಾಳ ಮಾವ ಭೂಪಾಲರಾಯರಿಗೆ ಕೊಟ್ಟುಬಿಟ್ಟೆ. ನನ್ನ ಕತೆಯ ಸುಶೀಲಾ ಒಂದು ದಿನ ಮೂರನೇ ಸಲ ಕರೆಯುವುದೇ ಇಲ್ಲ. ಮುದುಕ ಕಾದೂ ಕಾದೂ, ಎಲ್ಲರೂ ಮಲಗಿದ ಮೇಲೆ ಕಳ್ಳನ ಹಾಗೆ ಹೋಗಿ ಡಬ್ಬಿಯ ರೊಟ್ಟಿ ಮುರಿಯುತ್ತಾನೆ, ರೊಟ್ಟಿ ಕಟಂ ಎನ್ನುತ್ತದೆ, ಮನೆಯೆಲ್ಲ ಏಳುತ್ತದೆ. ಗುಂಪು ಬಿದ್ದು ಬಿದ್ದು ನಕ್ಕಿತು. ಯಾರೋ ‘ಆತು ಬಿಡು’ ಎಂದು ಸ್ಟಿಕ್ಕರ್ ಮಾಡಿದರು. ನನಗೆ ಗೊತ್ತಿಲ್ಲದಂತೆ ಅದೇ ಗುಂಪಿನಲ್ಲಿದ್ದ ಚನ್ನಗಿರಿಯ ನಾದಿನಿಯೂ, ಬರೆದದ್ದು ಯಾರೆಂದು ತಿಳಿಯದೆ, ನಕ್ಕಳು. ನಕ್ಕು, ಅಪ್ಪನೂ ನಗಲಿ ಎಂದು ಕಳಿಸಿದಳು.

ಈಗ ಮತ್ತೆ ಆ ಕುರ್ಚಿಯ ಹತ್ತಿರ ಬನ್ನಿ. ಮಾವನವರು ಯಾವುದನ್ನೂ ಮನಸ್ಸಿನಲ್ಲಿ ಓದುವವರಲ್ಲ. ಒಂದೊಂದೇ ಪದ ಬಿಡಿಸಿ, ಕವಾಯತಿಗೆ ಆಜ್ಞೆ ಕೊಟ್ಟ ಹಾಗೆ ಓದತೊಡಗಿದರು. ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸೇತುವೆಯ ಮೇಲೆ ಎರಡು ಲಾರಿ ಎದುರುಬದುರು ಬರುವುದನ್ನು ದಡದಲ್ಲಿ ನಿಂತು ನೋಡುವವರ ಸ್ಥಿತಿ ಹೇಗಿರುತ್ತದೋ ಹಾಗೆ. ಮೊದಲ ಪುಟಕ್ಕೆ ಅವರು ನಕ್ಕರು. “ಥೂ, ಏನ್ ಮುದುಕಪ್ಪ ಇವ” ಎಂದರು. ನನಗೆ ಅರ್ಧ ಜೀವ ಬಂತು. ಎರಡನೇ ಪುಟಕ್ಕೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಬೇಜಾರು ಮಾಡ್ಕಬ್ಯಾಡ ಯವ್ವಾ, ಇವ ಥೇಟು ಹೊನ್ನಾಳಿ ಬೀಗ್ರು ಇದ್ದಂಗೆ ಅದಾನೆ” ಎಂದರು.

ಹೊನ್ನಾಳಿ ಬೀಗರು ಎಂದರೆ ನಮ್ಮಪ್ಪ. ನಮ್ಮಪ್ಪ ಇರುವೆಗೂ ದಾರಿ ಬಿಡುವ ಮನುಷ್ಯ. ಆದರೆ ಆ ಹೊತ್ತಿನಲ್ಲಿ ಅಪ್ಪನ ಪರ ನಿಲ್ಲುವ ಸ್ಥಿತಿಯಲ್ಲಿ ನಾನಿರಲಿಲ್ಲ. “ಹೌದ್ರಿ ಮಾವಾರೆ” ಎಂದುಬಿಟ್ಟೆ.

ಮೂರನೇ ಪುಟ. “ಆಗ... ಭೂಪಾಲ... ರಾಯರು... ಆತು... ಬಿಡು... ಎಂದರು.” ಅಲ್ಲಿಗೆ ದನಿ ನಿಂತಿತು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೊನೆಯವರೆಗೂ ಸದ್ದಿಲ್ಲದೆ ಓದಿದರು, ಜೀವಮಾನದಲ್ಲಿ ಮೊದಲ ಸಲ. ಕನ್ನಡಕ ಮಡಿಚಿದರು. ಧಾರಾವಾಹಿ ಮತ್ತೆ ಶುರುವಾಗಿ ಸುಶೀಲಾ ಎಂದಿನಂತೆ ಮಲಗಿದ್ದಳು. ಅವರು ಅವಳನ್ನೇ ನೋಡುತ್ತಾ ಕೂತರು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯುವುದಿರಲಿ, ‘ಆತು ಬಿಡು’ ಎನ್ನುವುದನ್ನೇ ಬಿಟ್ಟರು. ಏನಾದರೂ ಕೇಳಿದರೆ “ಆ...” ಎಂದು ಬಾಯಿ ತೆಗೆದು, ನುಂಗಿಕೊಂಡು ಎದ್ದು ಹೋಗುತ್ತಿದ್ದರು. ಮನೆಯಲ್ಲಿ ಗಡಿಯಾರ ನಿಂತಂತಾಯಿತು. ನಮ್ಮವರಿಗೆ ಹೇಳಿದರೆ, “ಕತೆ ಓದಿ ಯಾರಾದ್ರೂ ಸಿಟ್ಟು ಮಾಡ್ಕಂತಾರೇನೆ? ಮಲ್ಕ” ಎಂದು ಇಡೀ ಓಣಿಗೆ ಕೇಳುವ ಹಾಗೆ ಸಮಾಧಾನ ಮಾಡಿದರು. ನನ್ನ ಭಯ ಒಂದೇ: ಅವರು ಮನಸ್ಸು ಮುರಿದುಕೊಂಡು ಮಗಳ ಮನೆಗೆ ಹೋಗಿಬಿಟ್ಟರೆ? ಯಾಕೆ ಬಂದಿರಿ ಎಂದು ಅವಳು ಕೇಳಿದರೆ, ಅವಳೇ ಕಳಿಸಿದ ಕತೆಯನ್ನು ತೋರಿಸಬೇಕಾಗುತ್ತದೆ. ಗುರುವಾರ ಅವರು, “ಅಟ್ಟದ ಮ್ಯಾಲಿನ ಟ್ರಂಕು ಇಳ್ಸಾಕೆ ಹೇಳು” ಎಂದಾಗ, ಹೊರಟೇಬಿಟ್ಟರು ಎಂದುಕೊಂಡೆ. ಟ್ರಂಕು ಇಳಿಯಿತು. ಅವರು ಅದರ ಮುಂದೆ ಕೂತು, ಬಟ್ಟೆ ಸರಿಸಿ, ತಳದಿಂದ ತಮ್ಮ ಹಳೆಯ ಸೀಟಿಯನ್ನು ತೆಗೆದು, ಪಂಚೆಗೆ ಒರೆಸಿ, ಕುತ್ತಿಗೆಗೆ ಹಾಕಿಕೊಂಡರು. ಸುಮ್ಮನೆ. ಊದಲೂ ಇಲ್ಲ.

ಅದಾದ ಕೆಲವು ದಿನಕ್ಕೆ ನನ್ನನ್ನು ಕರೆದರು. “ಅದೇ ಆ ಗುಂಪಿಗೆ ನನ್ನೂ ಸೇರ್ಸು. ಓದಿದ ಮ್ಯಾಲೆ ಮಂಡಕ್ಕಿ-ಮಿರ್ಚಿ ಅಂತ ಬರೀಬೇಕಂತಲ್ಲ, ಚನ್ನಗಿರಿಯಾಕಿ ಹೇಳಿದ್ಲು. ಹೆಸ್ರು ಸೀಟಿ ಅಂತ ಹಾಕು. ನಾನು ಹೇಳ್ತೀನಿ, ನೀನು ಒತ್ತು.”

ಹೀಗೆ ನನ್ನ ಕತೆಗೆ, ನನ್ನ ಕತೆಯ ಮುದುಕ ಹೇಳಿದ ಅಭಿಪ್ರಾಯವನ್ನು ನಾನೇ ನನ್ನ ಕೈಯಾರೆ ಬರೆಯಲು ಕೂತೆ.

“ಮಂಡಕ್ಕಿ,” ಎಂದರು ಮಾವನವರು, ಗಂಟಲು ಸರಿಮಾಡಿಕೊಂಡು. “ಬರ್ದಾಕಿ ಮುದುಕನ್ನ ಚಲೋ ನೋಡ್ಯಾಳೆ. ಚಪ್ಪಲಿ ಬಿಡೋದು, ಕುರ್ಚಿ ಎಳ್ಕಳ್ಳೋದು, ಎಲ್ಲ ಐತೆ.”

ನನ್ನ ಬೆರಳು ತಪ್ಪಿ ಚಪ್ಪಲಿ ಹೋಗಿ ಚಪಾತಿ ಆಯಿತು. “ತಿದ್ದು,” ಎಂದರು, “ಕಾಲೇಜಿನಾಗೆ ಪಾಠ ಹೇಳಿದಾಕಿ ನೀನು.”

ತಿದ್ದಿದೆ.

“ಮಿರ್ಚಿ. ಮುದುಕಂಗೆ ಸಿಟ್ಟು ಅಂತ ತಿಳ್ಕಂಡಾಳೆ. ಸಿಟ್ಟಲ್ಲ. ಅವಂಗೆ ಕೇಳ್ಸಲ್ಲ.” ಸೀಟಿಯನ್ನು ಬೆರಳಲ್ಲಿ ತಿರುಗಿಸಿದರು. “ಮೆಲ್ಲಗೆ ಮಾತಾಡೋರ್ದು ಒಂದಕ್ಷರ ಕೇಳ್ಸಲ್ಲ. ಕೇಳ್ಸಲಿಲ್ಲ ಅನ್ನಾಕೆ ನಾಚಿಕೆ. ಅದಕ್ಕೆ ಆತು ಬಿಡು ಅಂತಾನೆ. ಏನು ಕೇಳಿದ್ರೂ ಆ ಮಾತು ಹೊಂದ್ಕಂತೈತೆ ಅಂತ. ಮೂರನೇ ಸಲ ಕೂಗಿದ್ದು ಕೇಳ್ತೈತೆ, ಎದ್ದು ಬರ್ತಾನೆ. ಅಷ್ಟೇ ಅದು. ಹೆಂಡ್ತಿಗೆ ಗೊತ್ತಿತ್ತು. ಆಕಿ ಸೌಟು ಬಡೀತಿದ್ಲು. ಒತ್ತಿದ್ಯಾ?”

ಒತ್ತಿದೆ. ಪರದೆ ಮಸುಕಾಗಿ ಕಾಣುತ್ತಿತ್ತು, ಎಷ್ಟು ಕಾಗುಣಿತ ತಪ್ಪಿದೆನೋ. ಅವರು ತಿದ್ದು ಎನ್ನಲಿಲ್ಲ.

“ಆತು. ಈಗ ಚಾ ಮಾಡು,” ಎಂದು ಎದ್ದರು. ಬಾಗಿಲ ತನಕ ಹೋಗಿ ತಿರುಗಿ, “ಎರಡು ಚಮಚ ಸಕ್ರೆ ಹಾಕು. ಕತ್ಯಾಗೆ ಒಂದೇ ಹಾಕೀಯ” ಎಂದರು.

ಹಾಕ್ಯಾಳೆ ಅಲ್ಲ, ಹಾಕೀಯ. ಎಂ.ಎ. ಓದಿದವಳಿಗೆ ಅಷ್ಟು ವ್ಯಾಕರಣ ಗೊತ್ತಾಗದಿದ್ದೀತೇ.

ಗುಂಪಿನಲ್ಲಿ ಆ ಮಿರ್ಚಿಯ ಕೆಳಗೆ ಹಸಿಮೆಣಸು ಬರೆದಳು: ‘ಸೀಟಿಯವರೇ, ಇದು ಮಿರ್ಚಿ. ಸೌಟು, ಕತೆ ತಿದ್ದಿ.’ ನಾನು ತಿದ್ದುವ ಮೊದಲು ಮಾವನವರನ್ನು ದಾವಣಗೆರೆಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇಷ್ಟು ವರ್ಷ ಕಿವಿಯ ಪಕ್ಕದಲ್ಲೇ ಸೀಟಿ ಊದಿದ್ದೀರಿ ಎಂದು ಡಾಕ್ಟರು ಬೈದಿದ್ದಕ್ಕೆ, “ಆಡೋ ಹುಡುಗರಿಗೆ ಮೆಲ್ಲಗೆ ಹೇಳಿದ್ರೆ ಕೇಳ್ತಾರೇನ್ರಿ” ಎಂದರು. ಕಿವಿಯ ಮಷೀನು ಬಂದದ್ದು ಒಂದು ಶುಕ್ರವಾರ. ಅವತ್ತು ಸಂಜೆ ನಮ್ಮ ಟೀವಿಯ ದನಿ ಮೊದಲ ಸಲ ನಮ್ಮ ಮನೆಯೊಳಗೇ ಉಳಿಯಿತು. ನಮ್ಮವರು ಅಂಗಡಿಯಿಂದ ಬಂದು ಎಂದಿನಂತೆ ಕೂಗಿದ್ದಕ್ಕೆ ಮಾವನವರು ಬೆಚ್ಚಿ ಗೋಡೆಗೆ ಒರಗಿದರು.

ಊಟದ ಹೊತ್ತಾಯಿತು. ಅವರು ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು, ನಮ್ಮ ಹೊನ್ನಾಳಿಯ ದನಿಯಲ್ಲಿ, ಒಂದೇ ಸಲ, “ಮಾವಾರೆ, ಊಟಕ್ಕೆ ಬರ್ರಿ” ಎಂದೆ.

“ಯಾಕ್ ಹಂಗೆ ಕೂಗ್ತೀಯ ಯವ್ವಾ,” ಎನ್ನುತ್ತಾ ಎದ್ದರು, “ನಂಗೇನು ಕಿವುಡಾ?”

ಈಗ ಅವರಿಗೆ ಎಲ್ಲ ಕೇಳುತ್ತದೆ. ನಾನು ಒಲೆಯ ಮುಂದೆ ಗೊಣಗಿದ್ದೂ ಕೇಳುತ್ತದೆ, ಅದೊಂದು ಹೊಸ ತಾಪತ್ರಯ. ಇವತ್ತು ಬೆಳಿಗ್ಗೆ ಫೋನು ಟಿಣ್ ಎಂದಾಗ ನಾನು ಕೈ ತೊಳೆಯುವುದರೊಳಗೆ, ನಡುಮನೆಯಲ್ಲಿ ತಮ್ಮ ಫೋನು ಹಿಡಿದು ಕೂತಿದ್ದ ಅವರ ದನಿ ಬಂತು: “ಏ ಸೌಟು, ನಿಂಗೆ ಯಾರೋ ಮಿರ್ಚಿ ಕಳ್ಸ್ಯಾರೆ ನೋಡು. ಮೊದ್ಲು ರೊಟ್ಟಿ ನೋಡು, ಸೀದ ವಾಸ್ನಿ ಬರ್ತೈತೆ.”

ಗಾಬರಿ ಇನ್ನೂ ಪೂರ್ತಿ ಹೋಗಿಲ್ಲ, ಒಪ್ಪುತ್ತೇನೆ. ಆದರೆ ಆ ಶುಕ್ರವಾರದ ರಾತ್ರಿ ಮಾತ್ರ ನಾನು ತಲೆ ಇಟ್ಟದ್ದೊಂದು ಗೊತ್ತು. ಕಣ್ಣು ಬಿಟ್ಟಾಗ ಬಿಸಿಲು ಕಿಟಕಿ ದಾಟಿತ್ತು, ಹಾಲಿನವನು ಬಂದು ಹೋಗಿದ್ದ. ಅಡುಗೆಮನೆಯಲ್ಲಿ ಯಾರೋ ತಟ್ಟೆಗೆ ಸೌಟಿನಿಂದ ಮೆಲ್ಲಗೆ ಬಡಿಯುತ್ತಿದ್ದರು. ಹೋಗಿ ನೋಡಿದರೆ ಮಾವನವರು. ಚಹಾ ಮಾಡಿಟ್ಟಿದ್ದರು, ಎರಡು ಚಮಚ ಸಕ್ಕರೆ ಹಾಕಿ.

“ಮೂರು ಸಲ ಕರೆದೆ,” ಎಂದರು, “ಏಳ್ಲಿಲ್ಲ ನೀನು.”