ಫಕೀರಪ್ಪ ಮಾವನ ಪೈಪಿನ ಅಚ್ಚು

ಹಿರೇವಡ್ಡಟ್ಟಿಯ ಫಕೀರಪ್ಪ, ನನ್ನ ಸೋದರಮಾವ, ಎತ್ತಿಗಿಂತ ಮೊದಲು ಗಾಡಾಕ್ಕೆ ಕೌದಿ ಹೊದಿಸುವ ಮನುಷ್ಯ. ಅದು ಹೊರೆ ಹೇರುವ ಗಾಡಿಯಲ್ಲ. ಎತ್ತು ಕಟ್ಟಿ ಖಾಲಿ ಗಾಡಾ ಓಡಿಸುವ ಸ್ಪರ್ಧೆಗೆಂದೇ ಮಾಡಿಸಿದ್ದು. ಅದರ ಬಳಿ ಯಾರಾದರೂ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದರೂ ಮಾವ ಎದ್ದು ನಿಲ್ಲುತ್ತಿದ್ದ. "ಬಗ್ಗಿದಾವ ಅಚ್ಚು ನೋಡ್ತಾನ" ಎನ್ನುತ್ತಿದ್ದ. ನಾನು ಫೋನ್ ತೆಗೆದರೂ, "ಯಾರಿಗಿ ಕಳಸ್ತಿ ಲೇ?"

ಉಳಿದವರ ಗಾಡಾಗಳಲ್ಲಿ ಎರಡು ಗಾಲಿಗಳನ್ನು ಜೋಡಿಸುವ ಅಚ್ಚು ಗಟ್ಟಿ ಕಬ್ಬಿಣದ್ದು. ಇವನದಕ್ಕೆ ಹಗುರಾದ ಪೈಪು. ಗಾಲಿ ಕೂರುವ ತುದಿಗಳಲ್ಲಿ ಮಾತ್ರ ಪೈಪಿನೊಳಗೆ ಉಕ್ಕಿನ ಸರಳು ತೂರಿಸಿ ಬೆಸೆದಿತ್ತು. ಹೊರಗೆ ಕಾಣುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಮಾವನಿಗೆ, ಮತ್ತು ಮಾಡಿಕೊಟ್ಟ ಗೆಳೆಯ, ಮುಂಡರಗಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟ ಖಾದರಸಾಬನಿಗೆ.

ಹೋದ ವರ್ಷ ಡಂಬಳದ ಬಸವಣ್ಣೆಪ್ಪನ ಗಾಡಾಕ್ಕೂ ಪೈಪಿನ ಅಚ್ಚು ಬಂದಿದೆಯೆಂದು ಸುದ್ದಿ ಬಂತು. ಮಾವ ಖಾದರಸಾಬನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ "ನನ್ನ ಅಚ್ಚಿನ ಗುಟ್ಟು ಮಾರ್ಕೊಂಡಿ" ಎಂದು ಬಂದ. ಅಲ್ಲಿಗೆ ಇಬ್ಬರ ಮಾತು ನಿಂತಿತು.

ಓಟದ ದಿನ ಮಾವ ಸೀದಾ ಬಸವಣ್ಣೆಪ್ಪನ ಗಾಡಾದ ಹತ್ತಿರ ಹೋದ. ಬಸವಣ್ಣೆಪ್ಪ ಅಡ್ಡ ನಿಂತ.

"ಎತ್ತು ನಮ್ಮವು, ಓಡಸಾವ ನನ್ನ ಮಗ. ಅಚ್ಚು ನಿಮ್ಮದರಂಗ ಮಾಡಿದ್ರ ಕಳವು ಆತೇನ್ರಿ? ನಿಮ್ಮ ಗಾಡಾ ಓಡಿದ ವಿಡಿಯೋ ನೋಡಿ ಮಾಡೀವಿ."

ಮಾವ ನಂಬಲಿಲ್ಲ. ಕಲ್ಲು ಎತ್ತಿಕೊಂಡು ಅಚ್ಚಿನ ತುದಿಗೆ ಬಡಿದ. ಟೊಳ್ಳು ಸದ್ದು; ಒಳಗೆ ಸರಳೇ ಇರಲಿಲ್ಲ. ಖಾದರಸಾಬ ಹೇಳಿಕೊಟ್ಟಿದ್ದರೆ ಸರಳು ಇರಬೇಕಿತ್ತು. ಮಾವನ ಮುಖ ಇಳಿದುಹೋಯಿತು.

"ಇದನ್ನ ಓಡಸಬ್ಯಾಡ್ರಿ. ಓಟದ ನಡುವ ತುದಿ ಮುರೀತೈತಿ, ನಿಮ್ಮ ಮಗ ಗಾಲಿ ಕೆಳಗ ಬೀಳ್ತಾನ" ಎಂದ.

"ಗೆಲ್ಲಾಕ ಹಿಂಗ ಹೆದರಸ್ತೀರೇನ್ರಿ?" ಎಂದ ಬಸವಣ್ಣೆಪ್ಪ.

ಮಾವ ವಾದಕ್ಕೆ ನಿಲ್ಲಲಿಲ್ಲ. ತನ್ನ ಗಾಡಾದ ಗಾಲಿ ಕಳಚಿ, ಅಚ್ಚಿನ ತುದಿಯೊಳಗಿನ ಸರಳನ್ನು ಎಲ್ಲರ ಮುಂದೆ ತೋರಿಸಿದ. ಅಷ್ಟರಲ್ಲಿ ಮೈಕಿನಲ್ಲಿ ಮಾವನ ಸರದಿ ಕೂಗಿ ಮುಗಿದಿತ್ತು. ಬಸವಣ್ಣೆಪ್ಪ ಬಗ್ಗಿ ನೋಡಿದ. ಮಗನ ಕೈಯಿಂದ ಹಗ್ಗ ಇಸಿದುಕೊಂಡು ಎತ್ತುಗಳನ್ನು ನೊಗದಿಂದ ಬಿಡಿಸಿದ.

ಮರುದಿನ ಮಾವನ ಜೊತೆ ನಾನೂ ಮುಂಡರಗಿಗೆ ಹೋದೆ. ಖಾದರಸಾಬ ಕೆಲಸ ನಿಲ್ಲಿಸದೆ ಕೇಳಿದ: "ಈಗೇನ್ ಕದ್ದೀನಂತ ಬಂದಿ?"

"ತಪ್ಪಾತು" ಎಂದ ಮಾವ.

"ಆತು ಬಿಡು." ಆದರೆ ಕುಂಡ್ರು ಎನ್ನಲಿಲ್ಲ.

ಈ ಮಳೆಗಾಲದಲ್ಲಿ ಮಾವ ಎದೆನೋವು ಬಂದು ತೀರಿಕೊಂಡ. ಮಣ್ಣು ಮಾಡುವಾಗ ಖಾದರಸಾಬ ಬಂದಿದ್ದ. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: "ಖರೆ ಹೇಳು. ಕಡೀಕಾದ್ರೂ ನನ್ನ ನಂಬಿದ್ನೇನು?"

"ನಂಬಿದ್ದ, ಕಾಕಾ" ಎಂದೆ.

ಅವನು ತಲೆಯಾಡಿಸಲಿಲ್ಲ. ನಾನು ಖರೆ ಹೇಳುತ್ತಿದ್ದೇನೆಯೇ ಎಂದು ನನ್ನ ಮುಖವನ್ನೇ ನೋಡುತ್ತ ನಿಂತ.