ಸುತ್ತುವ ಚಕ್ರವನ್ನು ನಂಬದ ಮೇಡಮ್ಮ

ಕಂಪ್ಯೂಟರಿನಲ್ಲಿ ಅರ್ಜಿ ಕಳಿಸುವ ಗುಂಡಿ ಒತ್ತಿದ ಕೂಡಲೇ ಮೇಡಮ್ಮ ತಮ್ಮ ಬಲಗೈಯನ್ನು ಎಡಗಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಾರೆ. ಮೊದಲ ಸಲ ನೋಡಿದಾಗ ಚಳಿಯೇನೋ ಎಂದು ನಾನು ಫ್ಯಾನ್ ಆರಿಸಲು ಎದ್ದಿದ್ದೆ.

"ಚಳಿ ಅಲ್ಲಜ್ಜ, ಈ ಕೈಗೆ ತಾಳ್ಮೆ ಇಲ್ಲ. ಬಿಟ್ರೆ ಇನ್ನೊಂದ್ಸಲ ಒತ್ತಿಬಿಡ್ತೈತೆ."

ಚಳ್ಳಕೆರೆಯಲ್ಲಿ ಚಪ್ಪಲಿ ಅಂಗಡಿಯ ಪಕ್ಕದ ಪುಟ್ಟ ಇಂಟರ್ನೆಟ್ ಅಂಗಡಿ ಅವರದು. ನಾನೋ ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು, ಆಯುಷ್ಯವನ್ನೆಲ್ಲ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕಳೆದವನು. ಅಂಥವನು ಇವತ್ತು ಪೆನ್ನು ಹಿಡಿದಿದ್ದೇನೆ, ಹಿಗ್ಗು ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ ನೋಡಿ. ನನ್ನ ಮೊಮ್ಮಗಳಿಗೆ ಮೊಳಕಾಲ್ಮುರಿನ ದನದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ! ಆ ಕೆಲಸಕ್ಕೆ ಬೇಕಾದ ಓದಿಗೆ ಅರ್ಜಿ ಹಾಕಿಕೊಟ್ಟವರು ಮೇಡಮ್ಮ.

ಕೆಲ ವರ್ಷದ ಹಿಂದಿನ ಮಾತು. ಅವತ್ತು ಅರ್ಜಿಗೆ ಕೊನೆಯ ದಿನ, ಸಂಜೆ ಐದಕ್ಕೆ ಮುಚ್ಚುತ್ತಿತ್ತು. ನಮ್ಮೂರು ಉಳ್ಳಾರ್ತಿಯ ಬಸ್ಸು ತಡವಾಗಿ ನಾನೂ ಮೊಮ್ಮಗಳೂ ಅಂಗಡಿ ಮುಟ್ಟಿದಾಗ ನಾಲ್ಕು ದಾಟಿತ್ತು. ಪರದೆಯ ಮೇಲೆ ಚೌಕಗಳು. ಯಾವ ಚೌಕದಲ್ಲಿ ಬರೆಯಬೇಕೋ ಅಲ್ಲೊಂದು ಕಡ್ಡಿ ಮಿಣುಕುತ್ತದೆ. ಆದರೆ ಆ ಕಡ್ಡಿಗೆ ಒಂದು ಕಡೆ ನಿಲ್ಲುವ ಬುದ್ಧಿಯೇ ಇಲ್ಲ. ಊರಿನ ಹೆಸರು ಬರೆಯುವಾಗ ಹಾರಿ ಅಪ್ಪನ ಹೆಸರಿನೊಳಗೆ ಹೊಕ್ಕಿತು. ಮೇಡಮ್ಮ ಸಿಟ್ಟಾಗಲಿಲ್ಲ. ಒಂದು ಮಾತು ಬರೆದು, ಕಡ್ಡಿ ಎಲ್ಲಿದೆ ಎಂದು ಬೆರಳಿಟ್ಟು ನೋಡಿ, ಆಮೇಲೆ ಇನ್ನೊಂದು ಮಾತು.

"ಕುರಿ ಯಾವ ರೊಪ್ಪ ಹೊಕ್ತು ಅಂತ ನೋಡ್ದೆ ಬಾಗಿಲು ಹಾಕ್ತಾರೇನಜ್ಜ?"

ಕೊನೆಗೆ ಗುಂಡಿ ಒತ್ತಿದರು. ಪರದೆಯ ನಡುವೆ ಚಕ್ರವೊಂದು ತಿರುಗತೊಡಗಿತು. ತಿರುಗಿತು, ತಿರುಗಿತು, ನಿಲ್ಲಲೇ ಇಲ್ಲ. ತಿರುಗುವ ಯಂತ್ರಕ್ಕೆ ಕೈ ಹಾಕಬಾರದೆಂಬುದು ನಾವು ಮಿಲ್ಲಿನವರು ಕಲಿತ ಮೊದಲ ಪಾಠ.

"ನಡೀತಾ ಐತೆ, ಮುಟ್ಟಬ್ಯಾಡವ್ವ," ಎಂದೆ.

ಮೇಡಮ್ಮ ಚಕ್ರದ ಕಡೆ ನೋಡುತ್ತಲೇ ಇರಲಿಲ್ಲ. ಮೇಜಿನ ಕೆಳಗೆ ಫೋನ್ ತಂತಿ ಸೇರುವ ಡಬ್ಬಿಯ ಕಡೆ ಬಗ್ಗಿದ್ದರು. ಏನಾದರೂ ಹೋದರೆ, ಬಂದರೆ ಅದರ ಹಸಿರು ದೀಪ ಮಿಟುಕುತ್ತದಂತೆ. ಈಗ ಅದು ಅಲ್ಲಾಡದೆ ಉರಿಯುತ್ತಿತ್ತು.

"ಅಜ್ಜ, ಮಿಲ್ಲಲ್ಲಿ ಬೆಲ್ಟ್ ಕಳಚಿದ್ರೆ ಮೋಟಾರ್ ನಿಂತ್ಕಳ್ತೈತಾ?"

"ಎಲ್ಲಿ ನಿಂತ್ಕಳ್ತೈತೆ? ಇನ್ನೂ ಜೋರಾಗಿ ತಿರುಗ್ತೈತೆ."

"ಎಣ್ಣೆ?"

"ಒಂದು ಹನಿನೂ ಬರಲ್ಲ."

"ಇದೂ ಅಷ್ಟೇ. ಸುತ್ತೋದೇ ಬೇರೆ, ಕೆಲಸ ಆಗೋದೇ ಬೇರೆ."

ಮೊಮ್ಮಗಳು ಅಳುವುದೊಂದು ಬಾಕಿ. "ಎರಡು ಸಲ ಹೋದ್ರೆ ಎರಡೂ ರದ್ದು ಅಂತ ಬರ್ದೈತೆ ಮೇಡಂ."

"ಒಂದೂ ಹೋಗಿಲ್ಲ ಕಣವ್ವ. ಒಂದೇ ಊರಿಗೆ ಇನ್ನೊಂದು ದಾರಿ ಐತೆ, ಬಾ."

ಆ ಪುಟವನ್ನು ಹಾಗೇ ಬಿಟ್ಟು, ಅದೇ ಕಂಪ್ಯೂಟರಿನಲ್ಲಿದ್ದ ಬೇರೊಂದು ಬ್ರೌಸರಿನಲ್ಲಿ ಅದೇ ಅರ್ಜಿ ತೆರೆದರು. ಮೊಮ್ಮಗಳ ಪಾಸ್‌ವರ್ಡು ಹಾಕಿದ ಕೂಡಲೇ, ತುಂಬುತ್ತಾ ಉಳಿಸಿಟ್ಟಿದ್ದೆಲ್ಲ ಅಲ್ಲೂ ಕಾಣಿಸಿತು. ಗುಂಡಿ ಒತ್ತಿದರೆ ಚಕ್ರದ ಬದಲು ಒಂದು ಕೆಂಪು ಸಾಲು ಬಂತು: ತಾಯಿಯ ಹೆಸರು ಖಾಲಿ ಇದೆ. ಕಡ್ಡಿ ಹಾರಾಡುವಾಗ ಆ ಹೆಸರು ಅಳಿಸಿಹೋಗಿತ್ತು. ಮೊದಲಿನ ಬ್ರೌಸರಿನಲ್ಲಿ ಚಕ್ರವು ಆ ಕೆಂಪು ಸಾಲಿನ ಮೇಲೇ ಕೂತು ಅದನ್ನು ಮುಚ್ಚಿಟ್ಟಿತ್ತು.

"ನಾನೂ ಯಾಮಾರಿದ್ನಲ್ಲ!" ಎಂದು ಮೇಡಮ್ಮ ಹಣೆ ಬಡಿದುಕೊಂಡರು. ಹೆಸರು ಬರೆದರು, ಒತ್ತಿದರು. ಹಸಿರು ದೀಪ ಮಿಟುಕಿತು. ಅರ್ಜಿಯ ನಂಬರು ಬಂತು. ಐದಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು.

ಮನೆಯಲ್ಲಿ ಹೇಳಿದಾಗ ನನ್ನ ಮಗಳು ಸೊಂಟಕ್ಕೆ ಕೈಯಿಟ್ಟು, "ಎಲ್ರ ಹೆಸರಿಗೂ ಜಾಗ ಐತೆ, ಹೆತ್ತೋಳ ಹೆಸರೇ ಬಿದ್ದೋಗ್ತೈತಾ?" ಎಂದಳು.

ನಿನ್ನೆ ಪೇಡೆ ತೆಗೆದುಕೊಂಡು ಅಂಗಡಿಗೆ ಓಡಿದೆ. ಮೇಡಮ್ಮನ ಪಕ್ಕದಲ್ಲಿ ಸೆರಗಿನ ತುದಿ ಹಿಂಡುತ್ತಾ ಒಬ್ಬ ತಾಯಿ, ಪರದೆಯ ಮೇಲೆ ಅವರ ಮಗನ ಅರ್ಜಿ.

"ಮೇಡಮ್ಮಾ, ನಮ್ಮ ಹುಡುಗಿಗೆ..."

"ಕೂತ್ಕಳ್ರಿ ಅಜ್ಜ, ಇದೊಂದು ಹೋಗ್ಲಿ," ಎಂದರು, ತಿರುಗಿಯೂ ನೋಡದೆ.

ಬಾಯಿ ತುಂಬ ಸುದ್ದಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತೆ. ನಮ್ಮ ಅರ್ಜಿ ತೆರೆದಿದ್ದ ದಿನವೂ ಯಾರೋ ಹೀಗೆ ಇಲ್ಲಿ ಕಾದಿದ್ದಿರಬೇಕು.