ಭತ್ತ ತಿನ್ನುವ ಬೇವಿನ ಮರ

ನನ್ನ ಬೇವಿನ ಮರದ ಮೇಲೊಂದು ಆರೋಪವಿದೆ: ಅದು ಭತ್ತ ತಿನ್ನುತ್ತದೆ. ಆರೋಪ ಹೊರಿಸಿದವರು ಮೂಡಣ ಗದ್ದೆಯ ಹನುಮಂತಪ್ಪನವರು. ಹೊಸಪೇಟೆಯಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ಕಂಪ್ಲಿ ಕಾಲುವೆಯ ಕೆಳಗಿನ ನಮ್ಮ ಗದ್ದೆಗೆ ಬಸ್ಸಿನಲ್ಲಿ ಓಡಾಡುವ ರೈತನಾಗಿದ್ದೇನೆ. ಮರ ಇರುವುದು ನಮ್ಮಿಬ್ಬರ ನಡುವಿನ ಬದುವಿನ ಮೇಲೆ.

"ಕಣ್ಣಿದ್ರ ನೋಡ್ರಿ ಮೇಷ್ಟ್ರ," ಎಂದು ಅವರು ಹೋದ ಬೆಳೆಯಲ್ಲಿ ತಮ್ಮ ಪೈರು ತೋರಿಸಿದರು. "ಅಲ್ಲಿ ಸೊಂಟದ ಮಟ ಐತಿ, ಇಲ್ಲಿ ಮೊಣಕಾಲು. ನಿಮ್ಮ ಮರ ಉಂಡು ತೇಗತೈತಿ."

ಮಾತು ಸುಳ್ಳಲ್ಲ. ಮರದ ಸುತ್ತ ನನ್ನ ಪೈರೂ ಹಾಗೆಯೇ ಬಡಕಲು. ಹಂಪಿಯ ಅರಸರು ಈ ಸೀಮೆಗೆ ಕಾಲುವೆ ತೋಡಿಸಿದರು, ಸಿಕ್ಕ ಕಲ್ಲಿನ ಮೇಲೆಲ್ಲ ಶಾಸನ ಬರೆಸಿದರು. ನೆರಳಿನ ಪಾಲಿನ ಬಗ್ಗೆ ಮಾತ್ರ ನನ್ನ ಕಣ್ಣಿಗೆ ಒಂದು ಸಾಲೂ ಬಿದ್ದಿಲ್ಲ. ಆದ್ದರಿಂದ ವಿಚಾರಣೆಯ ಭಾರ ನನ್ನ ಮೇಲೆಯೇ ಬಿತ್ತು. ಹಗ್ಗ, ಗೂಟ ಹಿಡಿದು ಇಡೀ ದಿನ ನೆರಳು ಅಳೆದೆ. ಬೆಳಗಿನದು ನನ್ನ ಗದ್ದೆಗೆ, ಮಧ್ಯಾಹ್ನದ ಮೇಲಿನದು ಅವರ ಗದ್ದೆಗೆ. ಸೂರ್ಯ ಪಕ್ಷಪಾತಿಯಲ್ಲ ಎಂದು ತೀರ್ಪಿತ್ತೆ.

"ಪಾಠ ಬ್ಯಾಡ್ರಿ," ಎಂದರು ಹನುಮಂತಪ್ಪ. "ಸೂರ್ಯ ಬರೋದು ಭತ್ತ ಬೆಳಸಾಕ."

ನಾನು ಹಗ್ಗ ಸುತ್ತಿಟ್ಟೆ. ನಾಟಿಗೆ ಮುಂಚೆ ಮರ ಕಡಿಸುವುದಾಗಿ ಒಪ್ಪಿಕೊಂಡೆ. ನಷ್ಟ ನನಗೂ ಇತ್ತು. ನನ್ನ ಬೇಸಾಯದ ಬಹುಭಾಗ ನಡೆಯುವುದು ಆ ಮರದ ಬುಡದಲ್ಲಿ, ಕಣ್ಣು ಮುಚ್ಚಿಕೊಂಡು.

ಗರಗಸದ ಯಂತ್ರದವನು ಬಂದ ದಿನ ಮರದಡಿ ನಾಟಿ ಕೂಲಿಯ ಹುಲಿಗೆಮ್ಮನ ತಂಡ ಬುತ್ತಿ ಬಿಚ್ಚಿ ಕೂತಿತ್ತು. ಆಚೆಯ ಗದ್ದೆಯೊಂದರಲ್ಲಿ ಅವರ ನಾಟಿ ನಡೆದಿತ್ತು. ಊರಿನ ಅರ್ಧ ಆಳುಗಳು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಸ್ಸು ಹತ್ತುವ ಈ ಕಾಲದಲ್ಲಿ ಸಸಿ ಹಚ್ಚಲು ಹುಲಿಗೆಮ್ಮ ಒಪ್ಪುವುದೆಂದರೆ ಮಂತ್ರಿಗಳ ದರ್ಶನದಷ್ಟೇ ಕಷ್ಟ. ನಮ್ಮಿಬ್ಬರ ಸಸಿಯೂ ಮಡಿಯಲ್ಲಿ ಬಲಿಯುತ್ತಿತ್ತು. ಹನುಮಂತಪ್ಪನವರು ಆಕೆಯ ಮುಂದೆ ವಿನಯವಾಗಿ ಕೂತು, ನಾಳೆ ತಮ್ಮ ಗದ್ದೆಗೇ ಮೊದಲು ಬರಬೇಕೆಂದು ಬೇಡುತ್ತಿದ್ದರು. ಆಕೆ ಯಂತ್ರವನ್ನೊಮ್ಮೆ, ಮರವನ್ನೊಮ್ಮೆ ನೋಡಿದಳು.

"ಕಡಸ್ರಿ ಯಣ್ಣ, ಬ್ಯಾಡ ಅನ್ನಾಕ ನಾವ್ಯಾರು," ಎಂದಳು ರೊಟ್ಟಿ ಮುರಿಯುತ್ತ. "ನಾವು ರೊಟ್ಟಿ ತಿನ್ನಾಕ ನೆಳ್ಳು ಇದ್ದಲ್ಲಿ ಮೊದಲು ಹಚ್ಚತೀವಿ. ಬಿಸಲಾಗಿನ ಗದ್ದಿ ಆಮ್ಯಾಲ. ಅವಸರ ಇದ್ರ ನೀನೂ ಮೇಷ್ಟ್ರೂ ಬಗ್ಗಿ ಹಚ್ರಿ, ನಾವು ಬದುವಿನ ಮ್ಯಾಲ ಕುಂತು ಸಾಲು ಸೊಟ್ಟ ಆದ್ರ ಹೇಳತೀವಿ."

ಹೆಂಗಸರೆಲ್ಲ ನಕ್ಕರು. ಹನುಮಂತಪ್ಪನವರು ನಗಲಿಲ್ಲ, ತಲೆಯೆತ್ತಿ, ಮರವನ್ನು ಅದೇ ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ ಯಂತ್ರದವನಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿ ಬಂದರು. ನನ್ನ ಅಪ್ಪಣೆಯನ್ನು ಯಾರೂ ಕೇಳಲಿಲ್ಲ. ಮೊಣಕಾಲಿನೆತ್ತರದ ಪೈರಿಗೆ ಮರ ಕಾರಣವಿರಬಹುದು. ಆದರೆ ಹಚ್ಚದ ಸಸಿ ಅಷ್ಟೂ ಬೆಳೆಯುವುದಿಲ್ಲ ಎಂಬ ಲೆಕ್ಕ ಅವರಿಗೆ ನನಗಿಂತ ಬೇಗ ಹತ್ತಿತ್ತು.

ಮರ ಉಳಿಯಿತು. ಆದರೆ ನಾನೇ ಹಗ್ಗ ಹಿಡಿದು ಕಂಡುಕೊಂಡಿದ್ದ ಸತ್ಯ ಮರುದಿನ ನನ್ನನ್ನೇ ಕಚ್ಚಿತು: ಊಟದ ಹೊತ್ತಿಗೆ ನೆರಳು ಹೊರಳುವುದು ಮೂಡಣಕ್ಕೆ. ಹುಲಿಗೆಮ್ಮನ ತಂಡ ಹನುಮಂತಪ್ಪನವರ ಕಡೆಯೇ ಕೂತಿತು, ಅವರ ಗದ್ದೆಯನ್ನೇ ಮೊದಲು ಹಚ್ಚಿತು. ನನ್ನ ಸಸಿ ಮಡಿಯಲ್ಲಿ ಇನ್ನೂ ನಾಲ್ಕು ದಿನ ಕಾದು ಹಳದಿಗೆ ತಿರುಗಿತು.

ಮೊನ್ನೆ ನನ್ನ ಪಡುವಣ ಬದುವಿನ ಮೇಲೆ ಒಂದು ಹೊಂಗೆ ಸಸಿ ನೆಟ್ಟಿದ್ದೇನೆ. ಅದರ ಊಟದ ಹೊತ್ತಿನ ನೆರಳು ನನ್ನ ಗದ್ದೆಗೇ ಬೀಳಬೇಕು. ಬೆಳಗಿನ ನೆರಳು ಪಡುವಣ ಗದ್ದೆಯವರಿಗೆ ಹೋಗುತ್ತದೆ. ಸಸಿ ಈಗಿನ್ನೂ ಗೇಣುದ್ದ; ಅವರು ನೆರಳು ಅಳೆಯುವ ಹಗ್ಗ ಹುಡುಕಲು ಬೇಕಾದಷ್ಟು ಸಮಯವಿದೆ.